ಲಾಲ್‌ಬಾಗಿನ ಕೃಂಬಿಗಲ್ ಮಹಾಶಯರು

ಶ್ರಾವಣದ ಮಳೆ ಚೆನ್ನಾಗಿ ಹಿಡಿದ ವರ್ಷಗಳಲ್ಲಿ ನಮ್ಮ ಅಂಜನಾಪುರದ ಜಲಾಶಯ ತುಂಬಿ ಕೋಡಿ ಬೀಳುತ್ತದೆ. ಕುಮುದ್ವತಿಯ ಕೆನ್ನೀರು ಕಟ್ಟೆಯನ್ನು ದಾಟಿ ನೊರೆನೊರೆಯಾಗಿ ಇಳಿಯುವುದನ್ನು ನೋಡಲು ಶಿಕಾರಿಪುರ, ಶಿರಾಳಕೊಪ್ಪ, ಸೊರಬದ ಕಡೆಯಿಂದ ಜನ ಬರುತ್ತಾರೆ. ಮಂಡಕ್ಕಿ ಮಿರ್ಚಿಯ ಗಾಡಿಗಳು ಬರುತ್ತವೆ, ಮಕ್ಕಳ ಕೈಗೆ ಬಲೂನು ಬರುತ್ತದೆ. ಒಂದೆರಡು ಭಾನುವಾರಗಳ ಮಟ್ಟಿಗೆ ನಮ್ಮ ಹಳ್ಳಿಯೂ ಪ್ರೇಕ್ಷಣೀಯ ಸ್ಥಳವಾಗುತ್ತದೆ. ಆ ಜನರ ನಡುವೆ ನಿಂತಾಗಲೆಲ್ಲ ನಾನು ಚಿಕ್ಕಂದಿನಿಂದ ಕೇಳುತ್ತ ಬಂದ ಮಾತು ಒಂದೇ: ಇದನ್ನು ಬೃಂದಾವನದ ಹಾಗೆ ಮಾಡಬೇಕಾಗಿತ್ತು. ಹೇಳುವವರಲ್ಲಿ ಅನೇಕರು ಬೃಂದಾವನವನ್ನು ಸಿನಿಮಾದ ಹಾಡುಗಳಲ್ಲಿ ಮಾತ್ರ ನೋಡಿದವರು. ಆದರೂ ನೀರು ನಿಂತ ಕಡೆ ಬೃಂದಾವನವಿರಬೇಕು, ಊರು ದೊಡ್ಡದಾದ ಕಡೆ ಲಾಲ್‌ಬಾಗಿರಬೇಕು ಎಂಬ ಎಣಿಕೆ ನಮ್ಮ ನಾಡಿನ ಜನರ ಮನಸ್ಸಿನಲ್ಲಿ ಬೇರೂರಿದೆ. ಈ ಎಣಿಕೆಯನ್ನು ನಮ್ಮಲ್ಲಿ ನೆಟ್ಟವರು ಯಾರು?

ಈ ಪ್ರಶ್ನೆಯನ್ನು ನಾನಾಗಿ ಕೇಳಿಕೊಂಡವನಲ್ಲ. ಒಂದು ಜನವರಿಯಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆ. ಲಾಲ್‌ಬಾಗಿನಲ್ಲಿ ವಾಡಿಕೆಯಂತೆ ಹೈದರಾಲಿಯಿಂದ ಆರಂಭಿಸಿ ಟಿಪ್ಪುವಿನ ಮೂಲಕ ಮೈಸೂರು ಅರಸರವರೆಗೆ ಬಂದು ನಿಲ್ಲಿಸಿದೆ. ಒಬ್ಬ ವಿದ್ಯಾರ್ಥಿನಿ ಅಷ್ಟಕ್ಕೆ ಬಿಡಲಿಲ್ಲ. ದೇವಸ್ಥಾನ ಕಟ್ಟಿಸಿದವನ ಹೆಸರಿನ ಜೊತೆಗೆ ಕೆಲವು ಸಲ ಕೆತ್ತಿದವನ ಹೆಸರೂ ಶಾಸನದಲ್ಲಿರುತ್ತದೆಂದು ತರಗತಿಯಲ್ಲಿ ಹೇಳಿದ್ದೀರಿ, ಇಲ್ಲಿ ಗಿಡ ನೆಟ್ಟವರ ಹೆಸರೇನು ಎಂದು ಕೇಳಿದಳು. ಪಶ್ಚಿಮದ್ವಾರದ ಹೊರಗಿನ ರಸ್ತೆಗೆ ಕೃಂಬಿಗಲ್ ಎಂಬ ಹೆಸರಿದೆಯೆಂಬುದು ಜ್ಞಾಪಕಕ್ಕೆ ಬಂತು. ಅದರಾಚೆಗೆ ನನ್ನ ವಿದ್ಯೆ ನಡೆಯಲಿಲ್ಲ. ಆ ಲಜ್ಜೆಯಿಂದ ಹುಟ್ಟಿದ್ದು ಈ ಲೇಖನ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತದಲ್ಲಿ, ಡ್ರೆಸ್ಡನ್ ನಗರಕ್ಕೆ ಸಮೀಪದ ಲೋಮನ್ ಎಂಬ ಊರಿನಲ್ಲಿ, 1865ನೆಯ ಇಸವಿ ಡಿಸೆಂಬರ್ 18ರಂದು ಹುಟ್ಟಿದರು. ಆಗ ಜರ್ಮನಿ ಇನ್ನೂ ಒಂದೇ ರಾಷ್ಟ್ರವಾಗಿರಲಿಲ್ಲ. ಸ್ಯಾಕ್ಸನಿಗೆ ಅದರದೇ ಅರಸನಿದ್ದ. ಅರಸರ ಬೇಸಗೆಯ ಅರಮನೆ ಎಲ್ಬೆ ನದಿಯ ದಂಡೆಯ ಪಿಲ್ನಿಟ್ಸ್‌ನಲ್ಲಿತ್ತು. ಅಲ್ಲಿಯ ತೋಟದಲ್ಲಿ ಹುಡುಗ ಕೃಂಬಿಗಲ್ ತೋಟಗಾರಿಕೆಯನ್ನು ಕಲಿತರು. ಅಂದಿನ ಆ ಕಲಿಕೆ ಪುಸ್ತಕದ ಕಲಿಕೆಯಲ್ಲ. ಅಗೆಯುವುದು, ಕುಂಡ ತುಂಬುವುದು, ಸವರುವುದು, ಹಿರಿಯ ತೋಟಗಾರನ ಕೈಯನ್ನು ನೋಡಿ ನೋಡಿ ತನ್ನ ಕೈಯನ್ನು ತಿದ್ದಿಕೊಳ್ಳುವುದು. ನಮ್ಮ ಸಂಗೀತಗಾರರ ಗುರುಕುಲವಾಸದಂಥದೇ.

ಪಿಲ್ನಿಟ್ಸ್ ತೋಟದಲ್ಲಿ ಒಂದು ಕ್ಯಾಮೆಲಿಯಾ ಗಿಡವಿದೆ. ಜಪಾನಿನ ಮೂಲದ ಆ ಗಿಡವನ್ನು 1801ರಲ್ಲಿ ಅಲ್ಲಿಯ ನೆಲದಲ್ಲಿ ನೆಟ್ಟರು. ಹಿಮ ಬೀಳುವ ದೇಶದಲ್ಲಿ ಅದು ಬದುಕುವಂತಿಲ್ಲ. ಆದುದರಿಂದ ಚಳಿಗಾಲ ಬಂದಾಗ ಅದರ ಸುತ್ತ ಮರದ ಮನೆಯೊಂದನ್ನು ಕಟ್ಟಿ, ಒಳಗೆ ಬೆಂಕಿಯ ಕಾವು ಕೊಟ್ಟು ಕಾಯುತ್ತಿದ್ದರು. ಎರಡು ಶತಮಾನ ದಾಟಿದ ಆ ಗಿಡ ಇಂದಿಗೂ ಹೂ ಬಿಡುತ್ತದೆ. ಅಲ್ಲಿ ಕೆಲಸ ಕಲಿತ ಯಾವ ಹುಡುಗನೂ ಅದನ್ನು ನೋಡದಿರಲಾರ. ಪರದೇಶದ ಗಿಡವನ್ನು ನೆಡುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವೆಂಬ ಪಾಠ ಅವರಿಗೆ ಅಲ್ಲಿಯೇ ದೊರೆತಿರಬೇಕೆಂದು ನನ್ನ ಊಹೆ. ಮುಂದೆ ಅವರ ಬಾಳೇ ಪರದೇಶದ ನೆಲದಲ್ಲಿ ನೆಟ್ಟ ಗಿಡದಂತಾಯಿತಲ್ಲವೆ?

1888ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ಹೂಡುವ ಕೆಲಸ ಮಾಡಿ, ಆ ಬಳಿಕ ಕ್ಯೂ ಸಸ್ಯೋದ್ಯಾನವನ್ನು ಸೇರಿದರು. ಹೈಡ್ ಪಾರ್ಕು ಒಂದು ಕಾಲಕ್ಕೆ ರಾಜರ ಬೇಟೆಯ ಕಾಡು. ಆಗ ಅದು ಕೂಲಿಕಾರರೂ ಗುಮಾಸ್ತರೂ ಹೆಂಡಿರು ಮಕ್ಕಳೊಡನೆ ಬಂದು ಕೂಡುವ ಬಯಲಾಗಿತ್ತು. ಕ್ಯೂ ತೋಟವಾದರೋ ಪ್ರಪಂಚದ ಸಸ್ಯಗಳ ದೊಡ್ಡ ಸಂತೆ. ಸಾಮ್ರಾಜ್ಯದ ಮೂಲೆಮೂಲೆಗಳಿಂದ ಬೀಜಗಳು ಅಲ್ಲಿಗೆ ಬರುತ್ತಿದ್ದವು, ಅಲ್ಲಿಂದ ಬೇರೆ ಮೂಲೆಗಳಿಗೆ ಹೋಗುತ್ತಿದ್ದವು. ಸಿಂಕೋನ ಗಿಡವನ್ನೂ ರಬ್ಬರಿನ ಮರವನ್ನೂ ದಕ್ಷಿಣ ಅಮೆರಿಕದಿಂದ ಏಷ್ಯಕ್ಕೆ ತಂದ ಕಾರ್ಯದಲ್ಲಿ ಕ್ಯೂ ತೋಟದ ಪಾಲು ದೊಡ್ಡದು. ಇದರಲ್ಲಿ ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂಬ ವಿಚಾರ ಬೇರೆ.

1893ರಲ್ಲಿ ಅವರು ಭಾರತಕ್ಕೆ ಬಂದು ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸೇವೆಗೆ ಸೇರಿದರು. ಶಿಕ್ಷಣದಲ್ಲಿ, ಗ್ರಂಥಾಲಯಗಳಲ್ಲಿ ಮುಂದಿದ್ದ ಸಂಸ್ಥಾನ ಅದು. ಅಲ್ಲಿ ಅವರು ಕಳೆದ ಹದಿನಾಲ್ಕು ಹದಿನೈದು ವರ್ಷಗಳನ್ನು ನಾನು ಬೇಗನೆ ದಾಟುತ್ತೇನೆ, ನಮ್ಮ ಕಥೆ ಇರುವುದು ಮುಂದೆ.

1908ರಲ್ಲಿ ಕೃಂಬಿಗಲ್ ಅವರು ಮೈಸೂರು ಸಂಸ್ಥಾನಕ್ಕೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ ನಡೆಯುತ್ತಿದ್ದ ಕಾಲ. ಬಂದವರಿಗೆ ಬರಿಯ ಬಯಲು ದೊರೆಯಲಿಲ್ಲವೆಂಬುದನ್ನು ಹೇಳಲೇಬೇಕು. ಹೈದರಾಲಿ 1760ರಲ್ಲಿ ತೊಡಗಿಸಿದ ತೋಟ, ಟಿಪ್ಪು ಬೆಳೆಸಿದ ತೋಟ, 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಗಿತ್ತು. 1874ರಿಂದ ಅದನ್ನು ನೋಡಿಕೊಂಡವರು ಜಾನ್ ಕ್ಯಾಮರಾನ್. ಇಂದು ಲಾಲ್‌ಬಾಗ್ ಎಂದೊಡನೆ ಕಣ್ಣಿಗೆ ಕಟ್ಟುವ ಗಾಜಿನ ಮನೆಗೆ 1889ರಲ್ಲಿ ಅಸ್ತಿಭಾರ ಬಿದ್ದದ್ದು ಅವರ ಕಾಲದಲ್ಲಿ. ನಮ್ಮ ಹುಳಿಯಲ್ಲಿ ಬೇಯುವ ಸೀಮೆಬದನೆ ಈ ಸೀಮೆಯಲ್ಲಿ ಹರಡಿದ್ದೂ ಕ್ಯಾಮರಾನರ ದೆಸೆಯಿಂದ ಎನ್ನುತ್ತಾರೆ. ತಮಿಳರು ಅದನ್ನು ಇಂದಿಗೂ ಬೆಂಗಳೂರು ಕತ್ತರಿಕಾಯಿ ಎಂದು ಕರೆಯುವುದರಲ್ಲಿ ಆ ನೆನಪಿದೆ. ತೋಟವೆಂದರೆ ನೋಡುವುದಕ್ಕೆ ಮಾತ್ರವಲ್ಲ, ಉಣ್ಣುವುದಕ್ಕೂ ಆಗಿತ್ತು.

ಇನ್ನೊಂದು ಸಂಗತಿಯೂ ಉಂಟು. 1898ರ ಪ್ಲೇಗು ಬೆಂಗಳೂರಿನ ಹಳೆಯ ಪೇಟೆಯನ್ನು ನಡುಗಿಸಿತ್ತು. ಗಾಳಿ ಬೆಳಕಿಲ್ಲದ ಓಣಿಗಳೇ ಮೃತ್ಯುವಿನ ಮನೆಯೆಂದು ತಿಳಿದವರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳನ್ನು ಹಾಕಿ ಹೊಸ ಬಡಾವಣೆಗಳನ್ನು ಬಿಡಿಸಿದರು. ಹೀಗೆ ಕೃಂಬಿಗಲ್ ಅವರು ಬರುವ ವೇಳೆಗೆ ಊರಿನಲ್ಲಿ ಬೀದಿಗಳಿದ್ದವು. ಅವುಗಳಿಗೆ ನೆರಳು ಬೇಕಾಗಿತ್ತು.

ಆ ನೆರಳನ್ನು ಅವರು ಯೋಚಿಸಿದ ರೀತಿ ನನಗೆ ಬಹಳ ಪ್ರಿಯವಾದದ್ದು. ಸಾಲುಮರ ನಮಗೆ ಹೊಸತಲ್ಲ. ದಾರಿಯ ಇಕ್ಕೆಲದಲ್ಲಿ ಮರ ನೆಡಿಸುವುದು ಅಶೋಕನ ಶಾಸನಗಳ ಕಾಲದಿಂದ ನಮ್ಮಲ್ಲಿ ಪುಣ್ಯಕಾರ್ಯ; ಆ ಮರಗಳು ಆಲ, ಅರಳಿ, ಮಾವು, ಹುಣಿಸೆ. ದಾರಿಹೋಕನಿಗೆ ತಂಪು, ಎತ್ತುಗಳಿಗೆ ವಿಶ್ರಾಂತಿ, ಕಡೆಗೊಂದಿಷ್ಟು ಹಣ್ಣು. ನಗರದ ಬೀದಿಗೆ ಕೃಂಬಿಗಲ್ ಅವರು ಇದಕ್ಕಿಂತ ಬೇರೊಂದು ಗುಣವನ್ನು ಬಯಸಿದರು. ಒಂದು ಬೀದಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರ ಹೂ ತೊಡಬೇಕು. ವರ್ಷದ ಯಾವ ತಿಂಗಳಲ್ಲಿಯೂ ಊರು ಹೂವಿಲ್ಲದೆ ಇರಬಾರದು. ಸರದಿಯ ಹೂಬಿಡುವಿಕೆ ಎಂದು ಇದನ್ನು ಕರೆಯಬಹುದು. ಮಾಗಿಯ ಕೊನೆಗೆ ತಿಳಿಗುಲಾಬಿಯ ಟಬೆಬುಯಾ, ಶಿವರಾತ್ರಿಯ ಆಸುಪಾಸಿಗೆ ಅದರದೇ ಕುಲದ ಹಳದಿ ಹೂವು, ಬಳಿಕ ನೀಲಿ ಜಕರಂಡ, ಯುಗಾದಿಗೆ ಹೊಂಗೆ, ಬಿರುಬೇಸಗೆಯಲ್ಲಿ ಗುಲ್‌ಮೊಹರಿನ ಕೆಂಪು, ಜೊತೆಗೆ ಕಕ್ಕೆ, ಹೊಳೆದಾಸವಾಳ, ಮಳೆ ಕಳೆದ ಮೇಲೆ ಇರುಳಿನಲ್ಲಿ ಅರಳಿ ಬೆಳಗಿಗೆ ನೆಲ ತುಂಬುವ ಆಕಾಶಮಲ್ಲಿಗೆ.

ಇದನ್ನು ಸುಲಭವೆಂದು ಎಣಿಸಬಾರದು. ಮನೆಯಂಗಳದಲ್ಲಿ ಹತ್ತು ಹೂಗಿಡ ಇಟ್ಟವರಿಗೂ ಗೊತ್ತು, ಗಿಡ ನಮ್ಮ ಲೆಕ್ಕವನ್ನು ಕೇಳುವುದಿಲ್ಲವೆಂದು. ಬ್ರೆಜಿಲಿನಲ್ಲಿ ಒಂದು ತಿಂಗಳು ಅರಳುವ ಮರ ಬೆಂಗಳೂರಿನ ಎತ್ತರದಲ್ಲಿ, ಇಲ್ಲಿಯ ಎರಡು ಮಳೆಗಾಲಗಳ ನಡುವೆ, ಯಾವ ತಿಂಗಳನ್ನು ಹಿಡಿದೀತು? ನೆಟ್ಟು ನೋಡಬೇಕು. ಮರವಾಗಲು ಎಂಟು ಹತ್ತು ವರ್ಷ. ಲೆಕ್ಕ ತಪ್ಪಿದರೆ ಮತ್ತೆ ಅಷ್ಟೇ ವರ್ಷ. ಕವಿ ತನ್ನ ಪಂಕ್ತಿಯನ್ನು ಆ ಸಂಜೆಯೇ ಹೊಡೆದುಹಾಕಬಲ್ಲ. ಬೀದಿಯ ಮರವನ್ನು ನೆಟ್ಟವನಿಗೆ ತಿದ್ದುವ ಅವಕಾಶ ಬಾಳಿನಲ್ಲಿ ಎರಡೋ ಮೂರೋ ಸಲ.

ಆದರೆ ಇಂದು ಬೆಂಗಳೂರಿನಲ್ಲಿ ಕಾಣುವ ಹೂಮರಗಳನ್ನೆಲ್ಲ ಅವರ ಹೆಸರಿಗೇ ಬರೆಯುವುದು ನ್ಯಾಯವಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಈಗ ನಮ್ಮ ತಲೆಯ ಮೇಲೆ ಕೊಡೆ ಹಿಡಿದಿರುವ ಮರಗಳಲ್ಲಿ ಬಹುಪಾಲು ಆ ಕಾಲದವು. ಕೃಂಬಿಗಲ್ ಅವರ ಮರಗಳಿಗೆ ಒಂದು ದೋಷವನ್ನೂ ಹೇಳುವವರಿದ್ದಾರೆ. ಅವುಗಳಲ್ಲಿ ಹೊರನಾಡಿನವೇ ಹೆಚ್ಚು. ಗುಲ್‌ಮೊಹರಿನಂಥವು ಬಿರುಗಾಳಿಗೆ ಕೊಂಬೆ ಮುರಿದು ಬೀಳುತ್ತವೆ. ಮಾತು ಸುಳ್ಳಲ್ಲ. ಆದರೆ ಊರಿಗೊಂದು ಹೂವಿನ ಪಂಚಾಂಗ ಇರಬಹುದೆಂಬ ಕಲ್ಪನೆ ಅವರ ಹೆಸರಿನೊಡನೆ ಬಂದದ್ದು. ಅದಕ್ಕೆ ಯಾವ ಮರವನ್ನು ಬೇಕಾದರೂ ಹೊಂದಿಸಬಹುದು.

ಲಾಲ್‌ಬಾಗಿನ ಒಳಗೆ ಅವರು ಮಾಡಿದ ಕೆಲಸ ಬಹುಮುಖವಾದದ್ದು. ಹೊರದೇಶಗಳ ತೋಟಗಳೊಡನೆ ಬೀಜಗಳ ಕೊಡುಕೊಳ್ಳುವಿಕೆಯನ್ನು ಬೆಳೆಸಿದರು. ತೋಟಗಾರಿಕೆಯ ಶಾಲೆಯನ್ನು ನಡೆಸಿದರು. 1912ರಲ್ಲಿ ಮೈಸೂರು ತೋಟಗಾರಿಕೆ ಸಂಘ ಹುಟ್ಟಿತು. ಇಂದು ಆಗಸ್ಟ್ ಮತ್ತು ಜನವರಿ ತಿಂಗಳುಗಳಲ್ಲಿ ಲಕ್ಷಾಂತರ ಜನ ಮುಗಿಬೀಳುವ ಫಲಪುಷ್ಪ ಪ್ರದರ್ಶನದ ಹಿಂದೆ ಆ ಸಂಘದ ಪರಂಪರೆಯಿದೆ. ಪಟ್ಟಣ ನಿರ್ಮಾಣದಲ್ಲಿಯೂ ಕಟ್ಟಡಗಳ ವಿಷಯದಲ್ಲಿಯೂ ಸಂಸ್ಥಾನ ಅವರ ಸಲಹೆಯನ್ನು ಪಡೆಯುತ್ತಿತ್ತು. ಕಟ್ಟಡಕ್ಕೂ ಗಿಡಕ್ಕೂ ನಡುವೆ ಎಷ್ಟು ಬಯಲು ಬಿಡಬೇಕೆಂಬುದನ್ನು ಬಲ್ಲ ಸಲಹೆಗಾರರು ಎಲ್ಲ ಕಾಲಕ್ಕೂ ದುರ್ಲಭ.

ಈಗ ಬೃಂದಾವನದ ಮಾತು. ಕನ್ನಂಬಾಡಿಯ ಕಟ್ಟೆ ಎದ್ದ ಮೇಲೆ ಅದರ ಕೆಳಗೆ ಹಾಳುಬಿದ್ದ ಜಾಗವೊಂದು ಉಳಿಯಿತು. ಯಾವ ಅಣೆಕಟ್ಟಿನ ಕೆಳಗೂ ಇರುವಂತೆ ಕಲ್ಲು ಒಡೆದ ಹಳ್ಳಗಳು, ಮಣ್ಣು ತೆಗೆದ ಗುಂಡಿಗಳು. 1926ರಲ್ಲಿ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅವರಿಗೆ ಊರನ್ನು ಚೆಂದವಾಗಿಡುವುದು ರಾಜ್ಯಭಾರದ ಒಂದು ಅಂಗವೇ ಆಗಿತ್ತು. ಕಾಶ್ಮೀರದ ಶಾಲಿಮಾರ್ ತೋಟದಂಥದು ಇಲ್ಲಿಯೂ ಆಗಬೇಕೆಂದು ಅವರು ಮನಸ್ಸು ಮಾಡಿದರು. ಅದಕ್ಕೆ ರೂಪ ಕೊಟ್ಟವರು ಕೃಂಬಿಗಲ್. 1927ರಲ್ಲಿ ತೊಡಗಿದ ಕೆಲಸ 1932ಕ್ಕೆ ಮುಗಿಯಿತು. ವಿಸ್ತಾರ ಸುಮಾರು 60 ಎಕರೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಅಂಕಣಗಳು, ನಡುವೆ ನೀರಿನ ಕಾಲುವೆ, ಅದರ ಎರಡು ಬದಿಗೂ ಒಂದಕ್ಕೊಂದು ಕನ್ನಡಿ ಹಿಡಿದಂಥ ಪಾತಿಗಳು.

ಜನ ಅಲ್ಲಿ ದೀಪವನ್ನೂ ಚಿಮ್ಮುವ ಕಾರಂಜಿಯನ್ನೂ ನೋಡಿ ಬರುತ್ತಾರೆ. ನನಗೆ ಅದು ಚೆನ್ನಾಗಿ ಕಂಡದ್ದು ದೀಪ ಹಚ್ಚುವ ಮುಂಚೆ, ಸಂಜೆಯ ನಾಲ್ಕು ಗಂಟೆಯಲ್ಲಿ. ಆಗ ಕಟ್ಟೆಯ ಗೋಡೆ, ತೋಟದ ಇಳಿಜಾರು, ನೀರಿನ ಗೆರೆ ಇವು ಮೂರೂ ಒಂದೇ ರೇಖೆಯ ಮುಂದುವರಿಕೆಯಂತೆ ತೋರುತ್ತವೆ. ಇದು ನನ್ನ ರುಚಿಯ ಮಾತು, ಬಣ್ಣದ ದೀಪ ನೋಡಿ ಸಂತೋಷಪಡುವವರನ್ನು ನಾನು ಹಳಿಯುವುದಿಲ್ಲ. ಆದರೆ ಈ ತೋಟದ ಕೀರ್ತಿ ನಾಡಿನಲ್ಲಿ ಹಬ್ಬಿದಾಗ ನಾವು ಅದರಿಂದ ಎತ್ತಿಕೊಂಡದ್ದು ದೀಪವನ್ನು ಮತ್ತು ಕಾರಂಜಿಯನ್ನು. ಅಣೆಕಟ್ಟುಗಳ ಕೆಳಗೆ ಅಲ್ಲಲ್ಲಿ ತಗಡಿನ ಆನೆ, ಸಿಮೆಂಟಿನ ಜಿಂಕೆ, ಮೂರು ವರ್ಷ ಚಿಮ್ಮಿ ನಾಲ್ಕನೆಯ ವರ್ಷ ಪಾಚಿಗಟ್ಟುವ ಕಾರಂಜಿ ಕಾಣುತ್ತವೆ. ನೆಲದ ಇಳಿಜಾರನ್ನು ಓದುವ ಕಣ್ಣು ಮಾತ್ರ ದೀಪದೊಡನೆ ಬರಲಿಲ್ಲ.

ಲಾಲ್‌ಬಾಗನ್ನು ನೋಡಿ ಹೊರಬಂದ ನಮ್ಮ ವಿದ್ಯಾರ್ಥಿಗಳಿಗೆ ಹಸಿವೆಯಾಗಿತ್ತು. ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸ್ ಮುಂದೆ ಒಂದು ಗಂಟೆ ಕಾದು ರವೆ ಇಡ್ಲಿ ತಿಂದೆವು. ಉಡುಪಿ ಸೀಮೆಯ ಕೋಟದ ಕಡೆಯ ಮಯ್ಯ ಸಹೋದರರು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ ಎಂಬ ಹೆಸರಿನಿಂದ ಆರಂಭಿಸಿದ ಈ ಉಪಾಹಾರಗೃಹ ಈಗಿನ ಸ್ಥಳಕ್ಕೂ ಹೆಸರಿಗೂ ಬಂದದ್ದು 1960ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯಿಂದ ಇಡ್ಲಿ ಮಾಡಿದ ಜಾಣ್ಮೆ ಅಲ್ಲಿಯದು. ಕೃಂಬಿಗಲ್ ಅವರ ಚರಿತ್ರೆಯಲ್ಲಿ ಇಡ್ಲಿಗೆ ಏನು ಕೆಲಸವೆಂದು ವಾಚಕರು ಕೇಳಬಹುದು. ಮುಂಜಾನೆ ತೋಟದಲ್ಲಿ ಎರಡು ಸುತ್ತು ನಡೆದು, ಹೊರಗೆ ಬಂದು ತಿಂಡಿ ತಿಂದು, ಕಾಫಿ ಕುಡಿಯುತ್ತ ರಾಜಕೀಯವನ್ನೋ ಸಾಹಿತ್ಯವನ್ನೋ ಹರಟುವುದು ಬೆಂಗಳೂರಿನ ದಕ್ಷಿಣ ಭಾಗದ ಜನರ ನಿತ್ಯಕರ್ಮ. ಬಂಧುವಲ್ಲದವನೊಡನೆ ಬೆಂಚು ಹಂಚಿಕೊಳ್ಳುವ ಅಭ್ಯಾಸ ನಮ್ಮ ಪಟ್ಟಣಗಳಿಗೆ ಹಳೆಯದಲ್ಲ. ಹೋಟೆಲುಗಳು ಅದನ್ನು ನಿಧಾನವಾಗಿ ಕಲಿತವು. ಅವುಗಳ ಹಳೆಯ ಹೆಸರುಗಳೇ ಅದನ್ನು ಹೇಳುತ್ತವೆ. ಉದ್ಯಾನದ ಕಲ್ಲುಬೆಂಚು ಆ ಪಾಠವನ್ನು ಮೊದಲೇ ಹೇಳಿಕೊಟ್ಟಿತೆಂದು ನನಗೆ ತೋರುತ್ತದೆ.

1932ರಲ್ಲಿ ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ಎಚ್. ಸಿ. ಜವರಯ್ಯ ಬಂದರು. 1935ರಲ್ಲಿ ಗಾಜಿನ ಮನೆಯನ್ನು ವಿಸ್ತರಿಸಿದಾಗ ಕಬ್ಬಿಣ ಬಂದದ್ದು ನಮ್ಮ ಜಿಲ್ಲೆಯ ಭದ್ರಾವತಿಯ ಕಾರ್ಖಾನೆಯಿಂದ. ನಮ್ಮ ಹುಡುಗರಿಗೆ ಇದನ್ನು ಹೇಳಿದಾಗ ಅವರು ಕಂಬಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಆ ತರುವಾಯ ಡಾ. ಎಂ. ಎಚ್. ಮರಿಗೌಡರು ತೋಟಗಾರಿಕೆಯನ್ನು ಲಾಲ್‌ಬಾಗಿನ ಬೇಲಿಯಾಚೆಗೆ, ಜಿಲ್ಲೆಜಿಲ್ಲೆಯ ರೈತರ ಹೊಲಕ್ಕೆ ಒಯ್ದರು. ಅದು ಬೇರೊಂದು ಚರಿತ್ರೆ.

ನಿವೃತ್ತಿಯ ಅನಂತರವೂ ಕೃಂಬಿಗಲ್ ಅವರು ತಾಯ್ನಾಡಿಗೆ ಹಿಂದಿರುಗಲಿಲ್ಲ. ಈ ಊರೇ ಅವರ ಊರಾಗಿತ್ತು. ಆದರೆ ಕಾಲ ಅವರನ್ನು ಇನ್ನೊಂದು ಬಗೆಯಿಂದ ಎಣಿಸಿತು. 1939ರಲ್ಲಿ ಎರಡನೆಯ ಮಹಾಯುದ್ಧ ತೊಡಗಿದಾಗ ಬ್ರಿಟಿಷ್ ಭಾರತದಲ್ಲಿದ್ದ ಜರ್ಮನಿಯ ಸಂಜಾತರೆಲ್ಲ ಶತ್ರುದೇಶದವರೆನಿಸಿದರು. ಎಪ್ಪತ್ತು ದಾಟಿದ್ದ ಕೃಂಬಿಗಲ್ ಅವರನ್ನೂ ಬಂಧನಶಿಬಿರದಲ್ಲಿ ಇರಿಸಿದರು. ಮೂವತ್ತು ವರ್ಷ ಈ ನೆಲವನ್ನು ಹಸುರು ಮಾಡಿದ ಮನುಷ್ಯ ಈ ನೆಲಕ್ಕೆ ಶತ್ರುವಾದರು. ಅವರು ನೆಟ್ಟ ಮರಗಳೂ ಹೊರದೇಶದವೇ. ಅವುಗಳನ್ನು ಯಾರೂ ಬಂಧಿಸಲಿಲ್ಲ, ಆ ವರ್ಷಗಳಲ್ಲಿಯೂ ಅವು ತಮ್ಮ ತಮ್ಮ ತಿಂಗಳಿಗೆ ಅರಳಿದವು. ಈ ಘಟನೆಯನ್ನು ಬರೆಯುವಾಗ ಪಿಲ್ನಿಟ್ಸ್‌ನ ಕ್ಯಾಮೆಲಿಯಾ ನನಗೆ ಮತ್ತೆ ನೆನಪಾಗುತ್ತದೆ. ಚಳಿಗಾಲದಲ್ಲಿ ಅದರ ಸುತ್ತ ಕಟ್ಟಿದ ಮನೆಗೂ ಯುದ್ಧಕಾಲದಲ್ಲಿ ಈ ವೃದ್ಧರ ಸುತ್ತ ಕಟ್ಟಿದ ಬೇಲಿಗೂ ಎಷ್ಟು ಅಂತರ!

ಯುದ್ಧ ಮುಗಿಯಿತು, ಭಾರತ ಸ್ವತಂತ್ರವಾಯಿತು. 1956ರ ಫೆಬ್ರವರಿ 8ರಂದು ಕೃಂಬಿಗಲ್ ಅವರು ತಮ್ಮ ತೊಂಬತ್ತನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಹೊಸೂರು ರಸ್ತೆಯ ಮೆಥಡಿಸ್ಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಫೆಬ್ರವರಿಯೆಂದರೆ ಟಬೆಬುಯಾ ಅರಳುವ ತಿಂಗಳು. ಲಾಲ್‌ಬಾಗಿನ ಒಳಗೆ, ಅವರು ಬರುವುದಕ್ಕೆ ಬಹಳ ಮುಂಚೆ 1860ರ ದಶಕದಲ್ಲಿ ಕಟ್ಟಿದ್ದ ಉಪನ್ಯಾಸ ಭವನಕ್ಕೆ ಅವರ ಹೆಸರಿಟ್ಟಿದ್ದರು. ಗ್ರೀಕರ ಗುಡಿಯಂಥ ಮುಖವಿದ್ದ ಆ ಕಟ್ಟಡ ವರ್ಷಗಟ್ಟಳೆ ಶಿಥಿಲವಾಗಿ ನಿಂತಿದ್ದು 2017ರಲ್ಲಿ ಕುಸಿದುಬಿತ್ತು. ಅದರ ಮುಂದೆ ಹಾದುಹೋದ ಲಕ್ಷಾಂತರ ಜನರಲ್ಲಿ ನಾನೂ ಒಬ್ಬ. ಬಾಗಿಲ ಮೇಲಿನ ಹೆಸರನ್ನು ಎಂದೂ ನಿಂತು ಓದಿದವನಲ್ಲ.

ಪ್ರವಾಸ ಮುಗಿದು ಊರಿಗೆ ಬಂದ ಮೇಲೆ ಇಷ್ಟು ವಿಷಯಗಳನ್ನು ಕಲೆಹಾಕಿ, ಪ್ರಶ್ನೆ ಕೇಳಿದ ಆ ವಿದ್ಯಾರ್ಥಿನಿಗೆ ಹೇಳಿದೆ. ಅವಳದು ಅಂಜನಾಪುರದ ಏರಿಯ ಆಚೆಯ ಹಳ್ಳಿ. ಕಾಲೇಜಿಗೆ ಬರುವಾಗ ಜಲಾಶಯವನ್ನು ಬಳಸಿಯೇ ಬರಬೇಕು. ಮೇ ತಿಂಗಳ ಕೊನೆಯಲ್ಲಿ ಪರೀಕ್ಷೆಯ ಹೊತ್ತಿಗೆ ಅವಳು ಒಂದು ಸಣ್ಣ ನೋಟು ಪುಸ್ತಕವನ್ನು ತಂದು ತೋರಿಸಿದಳು. ತಾನು ದಿನವೂ ಬರುವ ದಾರಿಯ ಮರಗಳು ಹೂ ಬಿಟ್ಟ ತಾರೀಖುಗಳನ್ನು ಬರೆದಿಟ್ಟಿದ್ದಳು. ಫೆಬ್ರವರಿಯ ಕೊನೆಗೆ ಮುತ್ತುಗ. ಮಾರ್ಚಿಯ ನಡುವೆ ಹೊಂಗೆ. ಏಪ್ರಿಲಿನಲ್ಲಿ ಕಕ್ಕೆ. ಮೇ ತಿಂಗಳಲ್ಲಿ ನೀರಿನ ಬದಿಯ ಹೊಳೆದಾಸವಾಳ. ಯಾರೂ ಯೋಜನೆ ಮಾಡಿ ನೆಟ್ಟವಲ್ಲ. ಆ ಪುಟದ ಕೆಳಗೆ ಮುಂದಿನ ತಿಂಗಳುಗಳ ಹೆಸರು ಬರೆದು ಜಾಗ ಖಾಲಿ ಬಿಟ್ಟಿದ್ದಳು. ಆಗಸ್ಟಿನಲ್ಲಿ ಕೋಡಿ ಬೀಳುವ ಕಾಲಕ್ಕೆ, ಜನ ನೋಡಲು ಬರುವ ಕಾಲಕ್ಕೆ ಅರಳುವ ಮರ ನಮ್ಮ ಕಡೆಯದು ಯಾವುದಿದೆ ಎಂದು ಕೇಳಿದಳು. ನಾನು ಕನ್ನಡ ಮೇಷ್ಟರು. ಲಾಲ್‌ಬಾಗಿನ ತೋಟಗಾರಿಕೆ ಇಲಾಖೆಗೆ ಒಂದು ಕಾಗದ ಬರೆದು ಕೇಳುವಂತೆ ಹೇಳಿ, ವಿಳಾಸವನ್ನು ಅದೇ ಪುಟದ ಅಂಚಿನಲ್ಲಿ ಬರೆದುಕೊಟ್ಟೆ.